ಕರುಳು, ಕಬ್ಬಿಣಾಂಶ, ಮಾತು: ಬೇಲೂರು ತಾಲೂಕಿನ ಒಂದು ಮಗುವಿನ ಪ್ರಕರಣ ಅಧ್ಯಯನ

ಕರುಳಿನ ಬ್ಯಾಕ್ಟೀರಿಯಾಗಳಿಗೂ ಮಗುವಿನ ಬುದ್ಧಿ ಬೆಳವಣಿಗೆಗೂ ನಂಟಿದೆ ಎಂಬ ಮಾತು ಈಗ ಹಾಸನದಂಥ ಊರಿನ ಮಕ್ಕಳ ವಿಭಾಗಕ್ಕೆ ಬರುವ ತಂದೆತಾಯಿಯರ ಬಾಯಲ್ಲೂ ಕೇಳಿಬರುತ್ತಿದೆ. ಆ ಮಾತನ್ನು ತಳ್ಳಿಹಾಕದೆ, ಹಾಗೆಂದು ಅದರ ಬೆನ್ನು ಹತ್ತಿಯೂ ಹೋಗದೆ, ಒಂದು ಮಗುವಿನ ಆರೈಕೆಯಲ್ಲಿ ಯಾವ ನಿರ್ಧಾರಗಳನ್ನು ಯಾವ ಕಾರಣಕ್ಕೆ ತೆಗೆದುಕೊಳ್ಳಲಾಯಿತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಮಗುವಿನ ಮನೆ ಬೇಲೂರು ತಾಲೂಕಿನ ಒಂದು ಹಳ್ಳಿಯಲ್ಲಿದೆ. ಗುರುತು ಹತ್ತುವಂಥ ಉಳಿದ ವಿವರಗಳನ್ನು ಬಿಡಲಾಗಿದೆ ಅಥವಾ ಬದಲಿಸಲಾಗಿದೆ.

ಹಿನ್ನೆಲೆ

ಮಗು ಗಂಡು, ದಂಪತಿಯ ಮೊದಲನೆಯದು. ದಿನ ತುಂಬಿದ ಮೇಲೆ ಸಿಸೇರಿಯನ್ ಮೂಲಕ ಹುಟ್ಟಿದ್ದ, ತೂಕ 2.6 ಕಿಲೋ ಇತ್ತು, ಹುಟ್ಟಿದ ಕೂಡಲೇ ಅತ್ತಿದ್ದ. ತಾಯಿ ಹಾಸನದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ, ತಂದೆ ಗೂಡ್ಸ್ ವಾಹನ ಓಡಿಸುತ್ತಾರೆ, ಮನೆಯಲ್ಲಿ ತಂದೆಯ ತಾಯಿ ಇದ್ದಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ ಆದ 2017ರ ತಿದ್ದುಪಡಿಯಿಂದಾಗಿ 26 ವಾರಗಳ ಹೆರಿಗೆ ರಜೆ ಸಿಕ್ಕಿದ್ದರಿಂದ ಮೊದಲ ಆರು ತಿಂಗಳು ಮಗು ಎದೆಹಾಲನ್ನೇ ಕುಡಿದಿತ್ತು. ರಜೆ ಮುಗಿದ ಮೇಲೆ ತಾಯಿ ಬೆಳಗಿನ ಮೊದಲ ಬಸ್ಸಿಗೆ ಹೊರಟು ಕತ್ತಲಾದ ಮೇಲೆ ಮನೆ ಸೇರುವಂತಾಯಿತು. ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇಲ್ಲವೆಂದಲ್ಲ. ಆದರೆ ಎಳೆಗೂಸನ್ನು ಎತ್ತಿಕೊಂಡು ತುಂಬಿದ ಬಸ್ಸಿನಲ್ಲಿ ಗಂಟೆಗಟ್ಟಲೆ ನಿಂತು ಬರಬೇಕಾದವರಿಗೆ ಆ ಕೊಠಡಿ ಕಾಗದದ ಮೇಲಷ್ಟೇ ಇದ್ದಂತೆ.

ಹೀಗೆ ಮಗು ಅಜ್ಜಿಯ ಕೈಗೆ ಬಂತು. ಮನೆಯಲ್ಲಿ ಕರೆಯುವ ಹಸು ಇತ್ತು. ಬಾಟಲಿಯಲ್ಲಿ ಹಾಲು, ಹಾಲಿಗೆ ಬಿಸ್ಕತ್ತು, ಮಧ್ಯಾಹ್ನ ಒಂದೆರಡು ತುತ್ತು ಅನ್ನ-ತಿಳಿಸಾರು, ಮತ್ತೆ ಹಾಲು. ವಿಚಾರಿಸಿದಾಗ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಹಾಲು ಹೋಗುತ್ತಿತ್ತೆಂದು ತಿಳಿಯಿತು. "ಹಸುವಿನ ಹಾಲಿಗಿಂತ ಇನ್ನೇನು ಬೇಕು ಸ್ವಾಮಿ ಕೂಸಿಗೆ?" ಎಂದು ಅಜ್ಜಿ ಕೇಳಿದ್ದರಲ್ಲಿ ಹಟವಿರಲಿಲ್ಲ, ಅವರು ತಮ್ಮ ಮಕ್ಕಳಿಗೆ ಕೊಡಲಾಗದಿದ್ದುದನ್ನು ಮೊಮ್ಮಗನಿಗೆ ಕೊಡುತ್ತಿದ್ದರು.

ಎಂಟನೆಯ ತಿಂಗಳಿಂದ ಮಗುವಿಗೆ ಪದೇ ಪದೇ ಬೇಧಿ, ನೆಗಡಿ, ಜ್ವರ ಬಂದವು. ಮನೆಯವರು ಜೋಪಾನವಾಗಿಟ್ಟಿದ್ದ ಚೀಟಿಗಳನ್ನು ಜೋಡಿಸಿ ನೋಡಿದರೆ ಒಂದು ವರ್ಷದೊಳಗೆ ಆರು ಬಾರಿ ಆಂಟಿಬಯಾಟಿಕ್ ಸಿರಪ್ ಬರೆಯಲಾಗಿತ್ತು. ನೀರು ಬೇಧಿಗೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಸಿರಪ್ಪೇ ಮೂರು ಸಲ. ಮಕ್ಕಳ ನೀರು ಬೇಧಿಯಲ್ಲಿ ಬಹುಪಾಲಿಗೆ ಇಂಥ ಸಿರಪ್ಪಿನ ಅಗತ್ಯವೇ ಇರುವುದಿಲ್ಲ. ಓಆರ್‌ಎಸ್, ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ 10ರಿಂದ 14 ದಿನ, ಇದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳುತ್ತಾ ಬಂದ ಚಿಕಿತ್ಸೆ. ಒಂದೇ ಒಂದು ಚೀಟಿಯಲ್ಲೂ ಜಿಂಕ್ ಇರಲಿಲ್ಲ.

ಸಮಸ್ಯೆ

ನಮ್ಮ ಮಕ್ಕಳ ವಿಭಾಗಕ್ಕೆ ಬಂದಾಗ ಮಗುವಿಗೆ 19 ತಿಂಗಳು. ಅಂಗನವಾಡಿಗೆ ಬಂದಿದ್ದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬೆಳವಣಿಗೆ ತಡವಾಗಿದೆ ಎಂದು ಗುರುತಿಸಿ ಕಳುಹಿಸಿತ್ತು. ಹುಡುಗ 17ನೆಯ ತಿಂಗಳಿಗೆ ನಡೆದಿದ್ದ, ಅರ್ಥವುಳ್ಳ ಒಂದು ಮಾತೂ ಬಂದಿರಲಿಲ್ಲ, ಬೇಕಾದುದಕ್ಕೆ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ನಿಧಾನವಾಗಿ ತಿರುಗುತ್ತಿದ್ದ, ತಿರುಗಿದರೆ ಮುಖ ನೋಡಿ ನಗುತ್ತಿದ್ದ. ತೂಕ 8.6 ಕಿಲೋ, ಉದ್ದ 76 ಸೆಂಟಿಮೀಟರ್. ವಯಸ್ಸಿಗೆ ಎರಡೂ ಕಡಿಮೆ, ಆದರೆ ಉದ್ದಕ್ಕೆ ತಕ್ಕ ತೂಕ ಇದ್ದುದರಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುವ ಸ್ಥಿತಿಯಿರಲಿಲ್ಲ.

ತಂದೆ ಒಂದು ಫೈಲ್ ತಂದಿದ್ದರು. ಕರುಳು ಮತ್ತು ಮಿದುಳಿನ ನಂಟಿನ ಬಗ್ಗೆ ಮೊಬೈಲಿನಲ್ಲಿ ಸಿಕ್ಕ ಬರಹಗಳ ಪ್ರಿಂಟ್, ಮಲದ ಮಾದರಿಯಿಂದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿಕೊಡುವ ಖಾಸಗಿ ಪರೀಕ್ಷೆಯ ಕರಪತ್ರ, ಆಗಲೇ ಕೊಂಡಿದ್ದ ಪ್ರೋಬಯಾಟಿಕ್ ಪುಡಿಯ (ಜೀವಂತ 'ಒಳ್ಳೆಯ' ಬ್ಯಾಕ್ಟೀರಿಯಾಗಳಿರುವ ಪುಡಿ) ಪೊಟ್ಟಣಗಳು ಅದರಲ್ಲಿದ್ದವು. ಪರೀಕ್ಷೆಯ ಶುಲ್ಕ ತಾಯಿಯ ತಿಂಗಳ ಸಂಬಳದ ಅರ್ಧವನ್ನು ಮೀರುತ್ತಿತ್ತು. "ಮೊದಲು ಹೊಟ್ಟೆ ಸರಿ ಮಾಡೋಣ ಡಾಕ್ಟ್ರೇ, ತಲೆ ತಾನಾಗೇ ಸರಿಹೋಗುತ್ತೆ" ಎಂಬುದು ಅವರ ವಾದ. ಆ ವಾದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಸಿಸೇರಿಯನ್ ಆದುದರಿಂದ, ಆರು ತಿಂಗಳಿಗೇ ಎದೆಹಾಲು ಕಡಿಮೆಯಾದುದರಿಂದ ಮಗುವಿಗೆ 'ಒಳ್ಳೆಯ ಬ್ಯಾಕ್ಟೀರಿಯಾ' ಸಿಗಲಿಲ್ಲ ಎಂಬ ಮಾತು ಮನೆಯಲ್ಲಿ ತಿಂಗಳುಗಳಿಂದ ಓಡಾಡಿತ್ತು, ಅಂದರೆ ತಪ್ಪೆಲ್ಲ ತಾಯಿಯ ತಲೆಗೆ ಬಂದಿತ್ತು. ಮೊದಲ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸಿದರು.

ತಂದೆ ಓದಿದ್ದರಲ್ಲಿ ಸುಳ್ಳು ಕಡಿಮೆ ಇತ್ತು ಎಂಬುದೇ ಇಲ್ಲಿನ ತೊಡಕು. ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳು ಒತ್ತಡಕ್ಕೆ ಅತಿಯಾಗಿ ಪ್ರತಿಕ್ರಿಯಿಸುತ್ತವೆ, ಎಳವೆಯಲ್ಲೇ ಬ್ಯಾಕ್ಟೀರಿಯಾ ಕೊಟ್ಟರೆ ಆ ದೋಷ ಸ್ವಲ್ಪ ಮಟ್ಟಿಗೆ ಸರಿಯಾಗುತ್ತದೆ ಎಂದು ಜಪಾನಿನ ಸಂಶೋಧಕರು 2004ರಲ್ಲೇ ತೋರಿಸಿದ್ದರು. ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ತಿನ್ನಿಸಿದ ಇಲಿಗಳ ವರ್ತನೆ ಬದಲಾಯಿತು, ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರವನ್ನು ಕತ್ತರಿಸಿದಾಗ ಆ ಬದಲಾವಣೆ ಕಾಣಲಿಲ್ಲ ಎಂಬುದು 2011ರ ಫಲಿತಾಂಶ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ, ಬಿಫಿಡೋಬ್ಯಾಕ್ಟೀರಿಯ ಎಂಬ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮುಖ್ಯವಾಗಿ ಒಗ್ಗುವ ಸಕ್ಕರೆಗಳಿವೆ. ಮೊದಲ ಸುಮಾರು ಮೂರು ವರ್ಷಗಳಲ್ಲಿ ಕರುಳಿನ ಜೀವಿಸಮುದಾಯ ದೊಡ್ಡವರದಕ್ಕೆ ಹತ್ತಿರವಾಗುತ್ತದೆ, ಮಿದುಳು ಅತಿ ವೇಗವಾಗಿ ಬೆಳೆಯುವುದೂ ಆ ಅವಧಿಯಲ್ಲೇ. ಇಷ್ಟೂ ನಿಜ.

ಆದರೆ ಇಲಿಯಿಂದ ಮಗುವಿಗೆ ಬಂದಾಗ ಚಿತ್ರ ಇಷ್ಟು ನೇರವಾಗಿ ಉಳಿಯುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 89 ಮಕ್ಕಳ ಮಲವನ್ನು ಒಂದು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿ, ಎರಡನೆಯ ವರ್ಷಕ್ಕೆ ಅವರ ಗ್ರಹಿಕೆಯ ಸಾಮರ್ಥ್ಯವನ್ನು ಅಳೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿದ್ದ ಗುಂಪಿನ ಮಕ್ಕಳ ಅಂಕ ಮೇಲಿತ್ತು ನಿಜ. ಆದರೆ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿದ್ದ ಮಕ್ಕಳ ಅಂಕ ಕಡಿಮೆಯಿತ್ತು. ವೈವಿಧ್ಯ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಕರಪತ್ರದ ಮಾತಿಗೆ ಇದು ತದ್ವಿರುದ್ಧ.

ನಿರ್ಧಾರಗಳು

ಮೊದಲ ನಿರ್ಧಾರ ಮಲದ ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಮಾಡಿಸದಿರುವುದು. ವರದಿಯಲ್ಲಿ ಏನು ಬಂದರೂ ನಮ್ಮ ಚಿಕಿತ್ಸೆ ಬದಲಾಗುತ್ತಿತ್ತೇ ಎಂದು ನಮ್ಮನ್ನು ನಾವು ಕೇಳಿಕೊಂಡೆವು; ಬದಲಾಗುತ್ತಿರಲಿಲ್ಲ. ಇಂಥ ಬ್ಯಾಕ್ಟೀರಿಯಾ ಇಷ್ಟಿದ್ದರೆ ಈ ಮಗುವಿಗೆ ಮಾತು ಬರುತ್ತದೆ ಎನ್ನುವ ಅಳತೆಗೋಲು ಇನ್ನೂ ಇಲ್ಲ. ಅದನ್ನು ತಂದೆಗೆ ಹಾಗೆಯೇ ಹೇಳಲಾಯಿತು. ಅವರು ಒಪ್ಪಿದ್ದು ನಮ್ಮ ವಿವರಣೆಯಿಂದಲ್ಲ, ಪರೀಕ್ಷೆಯ ಹಣದಲ್ಲಿ ಎಷ್ಟು ತಿಂಗಳ ಮೊಟ್ಟೆ ಬರುತ್ತದೆ ಎಂದು ತಾಯಿ ಲೆಕ್ಕ ಹಾಕಿ ಹೇಳಿದ ಮೇಲೆ. ಆಕೆ ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಬದಲಿಗೆ ಮಾತು ತಡವಾದ ಯಾವ ಮಗುವಿಗಾದರೂ ಮಾಡಬೇಕಾದ ಪರೀಕ್ಷೆಗಳನ್ನು ಮಾಡಲಾಯಿತು. ಕಿವಿ ಸರಿಯಾಗಿ ಕೇಳಿಸುತ್ತಿತ್ತು, ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಮಾತ್ರ ಡೆಸಿಲೀಟರಿಗೆ 7.8 ಗ್ರಾಂ ಇತ್ತು, ಈ ವಯಸ್ಸಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. ಕೆಂಪು ರಕ್ತಕಣಗಳು ಚಿಕ್ಕದಾಗಿ, ಬಿಳಿಚಿಕೊಂಡಿದ್ದವು, ಅಂದರೆ ಕಬ್ಬಿಣಾಂಶದ ಕೊರತೆಯ ಚಿತ್ರ. ಇದು ವಿರಳವಾದ ಸಂಗತಿಯೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಅದರಲ್ಲಿನ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೂ ಅಡ್ಡಿ, ಹೊಟ್ಟೆ ತುಂಬಿದ ಮಗು ಬೇರೆಯದನ್ನು ತಿನ್ನುವುದೂ ಇಲ್ಲ. ನರತಂತುಗಳ ಹೊದಿಕೆ ಕಟ್ಟಲು, ಮಿದುಳಿನ ಸಂದೇಶವಾಹಕಗಳನ್ನು ತಯಾರಿಸಲು ಕಬ್ಬಿಣಾಂಶ ಬೇಕೇ ಬೇಕು. ಎಳವೆಯಲ್ಲಿ ದೀರ್ಘಕಾಲ ಕಬ್ಬಿಣಾಂಶ ಕಡಿಮೆಯಿದ್ದ ಕೋಸ್ಟರಿಕಾದ ಮಕ್ಕಳು, ಚಿಕಿತ್ಸೆ ಸಿಕ್ಕ ಮೇಲೂ ಐದನೆಯ ವರ್ಷದ ಬುದ್ಧಿ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರು ಎಂಬ ವರದಿ 1991ರಲ್ಲೇ ಬಂದಿದೆ. ಆದ್ದರಿಂದ ಕಾಯುವ ಪ್ರಶ್ನೆಯೇ ಇರಲಿಲ್ಲ.

ಭಾರತೀಯ ಶಿಶುಗಳಿಗಾಗಿ ರೂಪಿಸಿದ ಬೆಳವಣಿಗೆಯ ಮಾಪಕದಲ್ಲಿ ಮಗುವಿನ ಚಲನೆಯ ಸೂಚ್ಯಂಕ 76, ಮಾನಸಿಕ ಬೆಳವಣಿಗೆಯ ಸೂಚ್ಯಂಕ 68 ಬಂತು. ಸೂಚ್ಯಂಕ 70ಕ್ಕಿಂತ ಕೆಳಗಿದ್ದರೆ ವಿಳಂಬವೆಂದೇ ಪರಿಗಣಿಸಬೇಕು. ಆಟಿಸಂ ಇರಬಹುದೇ ಎಂಬ ತಂದೆಯ ಭಯಕ್ಕೆ ಆ ದಿನವೇ ಹೌದು-ಅಲ್ಲ ಎನ್ನದೆ, ರಕ್ತಹೀನತೆ ಸರಿಯಾದ ಮೇಲೆ ಮತ್ತೆ ನೋಡುವುದಾಗಿ ಬರೆದಿಟ್ಟೆವು.

ಚಿಕಿತ್ಸೆಯಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂನಂತೆ ಕಬ್ಬಿಣಾಂಶದ ಸಿರಪ್ ಕೊಡಲಾಯಿತು, ಜಂತುಹುಳುವಿನ ಔಷಧವೂ ಆಯಿತು. ಬಾಟಲಿ ಪೂರ್ತಿ ಬಂದ್. ಹಾಲು ಲೋಟದಲ್ಲಿ, ದಿನಕ್ಕೆ 400 ಮಿಲಿಲೀಟರ್ ಮೀರದಂತೆ, ಅದೂ ಊಟವಾದ ಮೇಲೆ. ಪ್ರೋಬಯಾಟಿಕ್ ಪುಡಿ ಮುಗಿದ ಮೇಲೆ ಮತ್ತೆ ಕೊಳ್ಳಬಾರದೆಂದು ತೀರ್ಮಾನವಾಯಿತು, ಏಕೆಂದರೆ ಮಗುವಿನ ಮಾತಿಗೆ ಅದು ನೆರವಾಗುತ್ತದೆಂಬ ಆಧಾರ ಇಲ್ಲ. ಬೇಧಿ ಬಂದರೆ ಓಆರ್‌ಎಸ್ ಮತ್ತು ಜಿಂಕ್; ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದನ್ನು ಒಬ್ಬರೇ ವೈದ್ಯರು ನೋಡಿ ಹೇಳಬೇಕು ಎಂದು ತಾಯಿ ಕಾರ್ಡಿನ ಒಳಬದಿಯಲ್ಲೇ ಬರೆದುಕೊಡಲಾಯಿತು.

ಆಹಾರದ ವಿಷಯದಲ್ಲಿ ನಮಗಿಂತ ಹೆಚ್ಚು ಬಲ್ಲವರು ಅಜ್ಜಿಯೇ. ಮೊಳಕೆ ಕಟ್ಟಿದ ರಾಗಿಯ ಸರಿ, ಹೆಸರುಕಾಳು ಬೆರೆಸಿದ ಮೆತ್ತನೆಯ ಅನ್ನ, ಹುರುಳಿಕಟ್ಟಿನ ಸಾರು ಅವರಿಗೆ ಬಾಯಿಪಾಠ. ಬೇಧಿಯಾದಾಗಲೆಲ್ಲ ಇವನ್ನು ನಿಲ್ಲಿಸಿ ಬಿಸ್ಕತ್ತು ಕೊಡಿ ಎಂದು ಯಾರೋ ಹೇಳಿದ್ದರಿಂದ ಬಿಟ್ಟಿದ್ದರು. ರಾಗಿಯ ಬಗ್ಗೆ ನಮ್ಮ ಸೀಮೆಯಲ್ಲಿರುವ ಅಭಿಮಾನದಲ್ಲಿ ಒಂದು ಮಾತು ಮರೆತುಹೋಗುತ್ತದೆ: ಅದರಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಅಂಗನವಾಡಿಯ ಪುಷ್ಟಿ ಪುಡಿಯ ಜೊತೆಗೆ ದಿನಕ್ಕೊಂದು ಮೊಟ್ಟೆ, ಹುರಿದ ಕಡಲೆಕಾಯಿಯ ನುಣುಪು ಪುಡಿ, ಬಾಳೆಹಣ್ಣು, ಸೊಪ್ಪು ಸೇರಿದವು. ಕರುಳಿನ ಬ್ಯಾಕ್ಟೀರಿಯಾಗಳಿಗೆಂದು ಬೇರೆ ಏನನ್ನೂ ಸೇರಿಸಲಿಲ್ಲ. ಅವುಗಳಿಗೆ ಬೇಕಾದ ನಾರು ಈ ಊಟದಲ್ಲೇ ಇತ್ತು. 2021ರಲ್ಲಿ ಪ್ರಕಟವಾದ ಢಾಕಾದ ಪ್ರಯೋಗದಲ್ಲೂ ಕಡಲೆ, ಸೋಯಾ, ಕಡಲೆಕಾಯಿ, ಹಸಿ ಬಾಳೆಕಾಯಿಗಳಿಂದ ಮಾಡಿದ ಆಹಾರ, ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರಕ್ಕಿಂತ ಚೆನ್ನಾಗಿ ಮಕ್ಕಳ ತೂಕ ಹೆಚ್ಚಿಸಿತ್ತು. ಮೂಳೆ ಮತ್ತು ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳೂ ಆ ಮಕ್ಕಳ ರಕ್ತದಲ್ಲಿ ಏರಿದ್ದವು. ಆ ಮಿಶ್ರಣವನ್ನು ಇಲ್ಲಿ ನಕಲು ಮಾಡಬೇಕೆಂದಲ್ಲ, ದ್ವಿದಳ ಧಾನ್ಯಕ್ಕೂ ಬಾಳೆಗೂ ಬೇಲೂರಿನಲ್ಲಿ ಬರವಿಲ್ಲವೆಂದಷ್ಟೇ.

ಕೊನೆಯದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು, ಮಾತು ಮತ್ತು ಆಟ. ಊಟ ಮಾಡಿಸುವಾಗ ಮಗುವಿನ ಮುಂದೆ ಮೊಬೈಲ್ ಇರುತ್ತಿತ್ತು. ಮಗು ತೆರೆ ನೋಡುತ್ತಾ ಬಾಯಿ ತೆರೆಯುತ್ತಿತ್ತು, ಅಜ್ಜಿ ಮೌನವಾಗಿ ತುತ್ತಿಡುತ್ತಿದ್ದರು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕುಂಠಿತ ಬೆಳವಣಿಗೆಯ 129 ಮಕ್ಕಳ ಮೇಲೆ ನಡೆದ, 1991ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ನೆನಪಾಗಲೇಬೇಕು. ಪೂರಕ ಆಹಾರ ಪಡೆದವರೂ ಸುಧಾರಿಸಿದರು, ವಾರಕ್ಕೊಮ್ಮೆ ಮನೆಗೆ ಬಂದು ತಾಯಿಗೆ ಆಟ ಕಲಿಸಿದ ಗುಂಪಿನವರೂ ಸುಧಾರಿಸಿದರು, ಎರಡೂ ಸಿಕ್ಕವರು ಎಲ್ಲರಿಗಿಂತ ಹೆಚ್ಚು. ಆದರೆ ಇಪ್ಪತ್ತು ವರ್ಷಗಳ ನಂತರ ದುಡಿಮೆಯಲ್ಲಿ ಮುಂದಿದ್ದವರು ಆಟ ಸಿಕ್ಕ ಮಕ್ಕಳು. ಮೊಬೈಲ್ ತೆಗೆದು, ತುತ್ತಿಗೊಂದು ಮಾತು ಎಂಬ ನಿಯಮ ಮಾಡಲಾಯಿತು. ಅಜ್ಜಿ ಹಸುವಿನ ಕೊಟ್ಟಿಗೆಗೆ, ತೋಟಕ್ಕೆ ಹೋಗುವಾಗ ಮಗುವನ್ನು ಕರೆದೊಯ್ದು ಕಂಡದ್ದನ್ನೆಲ್ಲ ಹೆಸರಿಸಬೇಕು. ತಾಯಿಗೆ ರಾತ್ರಿಯ ಅರ್ಧ ಗಂಟೆ ಮೀಸಲು, ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವುದು ತಂದೆಯ ಪಾಲು.

ನಡುವೆ ಬಂದ ತಡೆಗಳು

ಒಂದು ತಿಂಗಳ ನಂತರ ಹಿಮೋಗ್ಲೋಬಿನ್ 8.0 ಮಾತ್ರ ಇತ್ತು. ಚಿಕಿತ್ಸೆ ಸರಿಯಾಗಿ ನಡೆದಿದ್ದರೆ ಇಷ್ಟರಲ್ಲಿ ಕನಿಷ್ಠ 1 ಗ್ರಾಂ ಏರಬೇಕಿತ್ತು. ಹೊಸ ಪರೀಕ್ಷೆಗಳನ್ನು ಬರೆಯುವ ಮೊದಲು ಸಿರಪ್ಪಿನ ಬಾಟಲಿ ತರಿಸಿ ನೋಡಿದೆವು. ಮುಕ್ಕಾಲು ಪಾಲು ಹಾಗೇ ಇತ್ತು. ಮೊದಲ ವಾರ ಮಲ ಕಪ್ಪಾಗಿ, ಸ್ವಲ್ಪ ಸಡಿಲವಾಗಿತ್ತು. ತಂದೆ ಮತ್ತೆ ಮೊಬೈಲ್ ತೆರೆದು, ಕಬ್ಬಿಣಾಂಶ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ ಎಂದು ಓದಿ, ಯಾರಿಗೂ ಹೇಳದೆ ನಿಲ್ಲಿಸಿದ್ದರು.

ಇದೂ ಪೂರ್ತಿ ಸುಳ್ಳಲ್ಲ. ಕೆನ್ಯಾದ ಶಿಶುಗಳಿಗೆ ಕಬ್ಬಿಣಾಂಶ ಬೆರೆಸಿದ ಪುಡಿ ಕೊಟ್ಟಾಗ ಕರುಳಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಹೆಚ್ಚಿ, ಬಿಫಿಡೋಬ್ಯಾಕ್ಟೀರಿಯಗಳ ಪಾಲು ತಗ್ಗಿ, ಕರುಳಿನ ಉರಿಯೂತ ಏರಿತ್ತು ಎಂಬ 2015ರ ವರದಿ ಇದೆ. ಮೈಗೆ ಹತ್ತದ ಕಬ್ಬಿಣಾಂಶ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಜೀವಿಗಳಿಗೆ ಸಿಗುತ್ತದೆ ಎಂಬುದೇ ಕಾರಣ. ಎರಡು ಹಾನಿಗಳನ್ನು ತೂಗಿ ನೋಡಬೇಕಾದ ಜಾಗ ಇದು. ಒಂದು ಕಡೆ ಕರುಳಿನ ಜೀವಿಗಳಲ್ಲಿ ಆಗಬಹುದಾದ, ಮಗುವಿನ ಬುದ್ಧಿಯ ಮೇಲೆ ಎಷ್ಟು ಪರಿಣಾಮ ಬೀರುತ್ತದೆಂದು ಯಾರೂ ಅಳೆಯದ ಬದಲಾವಣೆ; ಇನ್ನೊಂದು ಕಡೆ ಕಣ್ಣೆದುರೇ ಇರುವ, ಮಿದುಳಿಗೆ ಹಾನಿಯೆಂದು ಗೊತ್ತಿರುವ ಕೊರತೆ. 7.8 ಹಿಮೋಗ್ಲೋಬಿನ್ನಿನ ಮಗುವಿನಲ್ಲಿ ಎರಡನೆಯದೇ ಭಾರ ಎಂದು ತಂದೆಗೆ ವಿವರಿಸಲಾಯಿತು. ಅವರ ಆತಂಕವನ್ನು ನಗೆಯಾಡದೆ ಅವರು ಓದಿದ ಅಧ್ಯಯನವನ್ನೇ ಎದುರಿಗಿಟ್ಟುಕೊಂಡು ಮಾತನಾಡಿದ್ದು ಕೆಲಸಕ್ಕೆ ಬಂತು. ಸಿರಪ್ಪನ್ನು ಹಾಲಿನಿಂದ ದೂರವಿಟ್ಟು, ನಿಂಬೆರಸದ ನೀರಿನೊಂದಿಗೆ ಕೊಟ್ಟರೆ ಹೆಚ್ಚು ಮೈಗೆ ಹತ್ತಿ, ಕರುಳಿಗೆ ಉಳಿಯುವುದು ಕಡಿಮೆಯಾಗುತ್ತದೆ ಎಂದಾಗ ಅವರೇ ಕೊಡುವ ಹೊಣೆ ಹೊತ್ತರು. ಮುಂದಿನ ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 10.4ಕ್ಕೆ ಬಂತು.

ಮಳೆಗಾಲದಲ್ಲಿ ಒಮ್ಮೆ ಬೇಧಿಯಾದಾಗ ಹತ್ತಿರದ ಊರಿನಲ್ಲಿ ಮತ್ತೆ ಅದೇ ಬೆರಕೆ ಸಿರಪ್ ಬರೆದರು. ಅಜ್ಜಿ ಔಷಧದ ಅಂಗಡಿಗೆ ಹೋಗದೆ ಆಶಾ ಕಾರ್ಯಕರ್ತೆಯ ಹತ್ತಿರ ಹೋಗಿ ಓಆರ್‌ಎಸ್, ಜಿಂಕ್ ತಂದರು. ನಾಲ್ಕು ದಿನಕ್ಕೆ ಬೇಧಿ ನಿಂತಿತು.

ಇದರ ಬೆನ್ನಿಗೇ ಇದರ ತಿರುಗುಮುರುಗು ನಡೆಯಿತು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಚಳಿಯಲ್ಲಿ ಕೆಮ್ಮು ಶುರುವಾಗಿ ಮೂರನೆಯ ದಿನ ಉಸಿರಾಟ ನಿಮಿಷಕ್ಕೆ 52 ಆಯಿತು. ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಮುಟ್ಟಿದರೇ ಅದು ವೇಗದ ಉಸಿರಾಟ, ಕೆಮ್ಮಿನೊಂದಿಗೆ ಇದ್ದರೆ ನ್ಯುಮೋನಿಯಾ ಎಂದೇ ಚಿಕಿತ್ಸೆ. ಅಮಾಕ್ಸಿಸಿಲಿನ್ ಬರೆದಾಗ ತಂದೆ ಕೈ ಹಿಂದೆಗೆದುಕೊಂಡರು: ಇಷ್ಟು ತಿಂಗಳು ಕಾಪಾಡಿದ ಕರುಳು ಮತ್ತೆ ಹಾಳಾಗುವುದಿಲ್ಲವೇ? ಬೇಡವಾದ ಆಂಟಿಬಯಾಟಿಕ್ ಬೇಡ ಎಂದು ಹೇಳಿಕೊಡುವಾಗ, ಬೇಕಾದುದನ್ನು ಅದೇ ದಿನ ಕೊಡಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಉಸಿರನ್ನು ಗಡಿಯಾರ ಹಿಡಿದು ಅವರಿಂದಲೇ ಎಣಿಸಿದೆವು. ಸಂಖ್ಯೆ ಅವರ ಬಾಯಿಂದಲೇ ಬಂದ ಮೇಲೆ ವಾದ ಉಳಿಯಲಿಲ್ಲ. ಮಗು ಚೇತರಿಸಿಕೊಂಡಿತು.

ಫಲಿತಾಂಶ ಮತ್ತು ಅದನ್ನು ಓದುವ ಬಗೆ

22ನೆಯ ತಿಂಗಳಿಗೆ ಮಗು ಬೆರಳು ಮಾಡಿ ತೋರಿಸತೊಡಗಿತು, ಮೊದಲು ತೋರಿಸಿದ್ದು ಕೊಟ್ಟಿಗೆಯ ಕಡೆಗೆ. ಎರಡು ವರ್ಷಕ್ಕೆ ಹತ್ತಾರು ಬಿಡಿ ಮಾತುಗಳು, 28ನೆಯ ತಿಂಗಳಿಗೆ 'ಅಜ್ಜಿ ಬಾ', 'ಕರು ಓಯ್ತು' ಎಂಬಂಥ ಜೋಡಿ ಮಾತುಗಳು ಬಂದವು. ಅದೇ ಪ್ರಾಯದಲ್ಲಿ ಮಾಪಕ ಹಾಕಿದಾಗ ಚಲನೆ 88, ಮಾನಸಿಕ ಬೆಳವಣಿಗೆ 83. ತೂಕ 11.2 ಕಿಲೋ. ಉದ್ದ 84 ಸೆಂಟಿಮೀಟರ್, ಕುಂಠಿತದ ಗೆರೆಯ ಅಂಚಿನಲ್ಲೇ; ಇದು ಬೇಗ ತುಂಬಿಬರುವ ಕೊರತೆಯಲ್ಲ. ಆಟಿಸಂ ಲಕ್ಷಣಗಳು ಮರುಪರೀಕ್ಷೆಯಲ್ಲಿ ಕಾಣಲಿಲ್ಲ. ಮಾತು ಓರಗೆಯ ಮಕ್ಕಳಿಗಿಂತ ಈಗಲೂ ಕೆಲವು ತಿಂಗಳು ಹಿಂದಿದೆ.

ಈ ಸುಧಾರಣೆಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲೆಷ್ಟು ಎಂದು ತಂದೆ ಕೇಳಿದರು, ಇದನ್ನು ಓದುವವರೂ ಕೇಳಬಹುದು. ಒಂದೇ ಕಾಲಕ್ಕೆ ಕಬ್ಬಿಣಾಂಶ, ಊಟ, ಮಾತು ಬದಲಾದವು, ಆಂಟಿಬಯಾಟಿಕ್ ಕಡಿಮೆಯಾಯಿತು, ಮಗುವಿಗೆ ವಯಸ್ಸೂ ಆಯಿತು. ಒಂದು ಮಗುವಿನಲ್ಲಿ ಇವುಗಳನ್ನು ಬೇರ್ಪಡಿಸಿ ಅಂಕ ಕೊಡಲಾಗದು. ಮೊದಲೂ ಕೊನೆಗೂ ಮಲದ ಪರೀಕ್ಷೆ ಮಾಡಿಸಿ ಬ್ಯಾಕ್ಟೀರಿಯಾಗಳು ಬದಲಾದುದನ್ನು ಕಂಡಿದ್ದರೂ ಅದು ಕಾರಣವೋ ಪರಿಣಾಮವೋ ತಿಳಿಯುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಆಟಿಸಂ ಇರುವ ಮತ್ತು ಇಲ್ಲದ 247 ಮಕ್ಕಳನ್ನು ಹೋಲಿಸಿದ 2021ರ ಅಧ್ಯಯನ ಕಂಡದ್ದೂ ಇದನ್ನೇ: ಆಟಿಸಂಗೂ ಬ್ಯಾಕ್ಟೀರಿಯಾಗಳಿಗೂ ನೇರ ನಂಟು ಅತ್ಯಲ್ಪ, ಮಕ್ಕಳು ಕೆಲವೇ ಬಗೆಯ ಊಟಕ್ಕೆ ಅಂಟಿಕೊಳ್ಳುವುದರಿಂದ ಕರುಳಿನ ವೈವಿಧ್ಯ ತಗ್ಗುತ್ತದೆ. ನಮ್ಮ ಮಗುವಿನ ಹಾಲು-ಬಿಸ್ಕತ್ತಿನ ದಿನಗಳಿಗೂ ಇದೇ ಓದು ಹೊಂದುತ್ತದೆ ಎಂದು ನಮಗೆ ತೋರುತ್ತದೆ.

ಸಿಸೇರಿಯನ್ ಕುರಿತ ಮಾತನ್ನು ಕುಟುಂಬದ ಎಲ್ಲರ ಎದುರೇ ಎತ್ತಬೇಕಾಯಿತು. ಸಿಸೇರಿಯನ್ ಮಕ್ಕಳ ಕರುಳಿನಲ್ಲಿ ಮೊದಮೊದಲು ಕಾಣುವ ವ್ಯತ್ಯಾಸ ಮೊದಲ ವರ್ಷ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಈ ಮಗುವಿನ ಹಿನ್ನಡೆಯನ್ನು ಅದರ ಮೇಲೆ ಹೊರಿಸಲು ಆಧಾರವಿಲ್ಲ. ಇದನ್ನು ಹೇಳಿದ ಮೇಲೆ ತಾಯಿ ರಾತ್ರಿಯ ಅರ್ಧ ಗಂಟೆಯ ಆಟವನ್ನು ತಪ್ಪಿಸಲಿಲ್ಲವೆಂದು ಅಜ್ಜಿ ತಿಳಿಸಿದರು. ಬ್ಯಾಕ್ಟೀರಿಯಾದ ಹೆಸರಿನಲ್ಲಿ ತಾಯಿಯ ಮೇಲೆ ದೋಷ ಬಂದಿರುವುದನ್ನು ಮೊದಲ ಭೇಟಿಯಲ್ಲೇ ಗುರುತಿಸುವುದು ಹಿಮೋಗ್ಲೋಬಿನ್ ನೋಡುವಷ್ಟೇ ಮುಖ್ಯವೆಂದು ಈಗ ನಮ್ಮ ವಿಭಾಗದಲ್ಲಿ ಪರಿಗಣಿಸುತ್ತೇವೆ.

ತಾಯಿ ಈಗ ಎರಡನೆಯ ಬಾರಿ ಗರ್ಭಿಣಿ. ಈ ಸಲ ಸಹಜ ಹೆರಿಗೆಯೇ ಆಗಬೇಕೆ, ಹುಟ್ಟಿದ ಕೂಡಲೇ ಪ್ರೋಬಯಾಟಿಕ್ ಕೊಡಬೇಕೆ ಎಂದು ತಂದೆ ಕೇಳಿದ್ದಾರೆ. ಹೆರಿಗೆಯ ಬಗೆಯನ್ನು ಪ್ರಸೂತಿ ತಜ್ಞರಿಗೆ ಬಿಟ್ಟು, ಆಕೆಯ ಹಿಮೋಗ್ಲೋಬಿನ್ ನೋಡಿಸಲಾಯಿತು, 9.4 ಇದೆ. ದಿನಕ್ಕೆ ಎರಡು ಕಬ್ಬಿಣಾಂಶದ ಮಾತ್ರೆ ಶುರುವಾಗಿದೆ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಬೇಕು, ಆ ರಕ್ತದಲ್ಲೇ ಮಗುವಿನ ಮೊದಲ ತಿಂಗಳುಗಳ ಕಬ್ಬಿಣಾಂಶದ ದಾಸ್ತಾನಿನ ಒಂದು ಪಾಲಿದೆ ಎಂದು ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟಿದ್ದೇವೆ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟದ ಹೊತ್ತಿಗೆ ಆಕೆ ಕಾರ್ಖಾನೆಯಲ್ಲಿರುತ್ತಾರೆ. ಆ ಊಟದ ಬದಲು ದಿನಸಿ ಮನೆಗೆ ಕೊಡಲಾಗುತ್ತದೆಯೇ ಎಂದು ಅಂಗನವಾಡಿ ಕಾರ್ಯಕರ್ತೆ ಮೇಲ್ವಿಚಾರಕಿಯನ್ನು ವಿಚಾರಿಸುತ್ತಿದ್ದಾರೆ.